ತಗಡಿನ ಬಸವಣ್ಣ, ಹೂವಿನ ದಾರ

ನಮ್ಮ ಪುಟ್ಟಿ ಹೊಸ್ತಿಲು ದಾಟಿದಳು! ಇವತ್ತು ಬೆಳಿಗ್ಗೆ ನಾನು ಬಾಗಿಲ ಮುಂದೆ ರಂಗೋಲಿ ಹಾಕಿ ಎದ್ದು ಸೊಂಟ ನೀವಿಕೊಳ್ಳುತ್ತಿದ್ದೆ. ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು, ಬಾಗಿಲ ಚೌಕಟ್ಟು ಹಿಡಿದಳು, ಆಮೇಲೆ ಅದನ್ನೂ ಬಿಟ್ಟಳು. ಒಂದು ಕಾಲನ್ನು ಎತ್ತಿ, ಅದು ತನ್ನದೇ ಕಾಲೋ ಅಲ್ಲವೋ ಎಂದು ಒಂದು ಸಲ ನೋಡಿ, ಹೊಸ್ತಿಲಿನ ಆಚೆ ಇಟ್ಟಳು. ಇನ್ನೊಂದನ್ನೂ ಎಳೆದುಕೊಂಡಳು. ರಂಗೋಲಿಯ ಮೇಲೆ ಧೊಪ್ಪನೆ ಕೂತಳು. ಅಳಲಿಲ್ಲ ನನ್ನ ಬಂಗಾರ! ಅಂಗೈಗೆ ಹತ್ತಿದ ಬಿಳಿ ಪುಡಿ ನೋಡಿಕೊಂಡು ನಕ್ಕಳು.

ನಾನು ಕೂಗಿದ ಕೂಗಿಗೆ ಮನೆಯವರು ಅರ್ಧ ಗಡ್ಡ ಬೋಳಿಸಿಕೊಂಡು ಓಡಿ ಬಂದರು.

"ಏನಾತಲೇ? ಹಾವೇನು?"

"ಹಾವಲ್ರಿ, ನಿಮ್ಮ ಮೊಮ್ಮಗಳು! ಹೊಸ್ತಿಲು ದಾಟ್ಯಾಳ ನೋಡ್ರಿ!"

"ಇಷ್ಟಕ್ಕ ಓಣಿ ಮಂದಿನೆಲ್ಲಾ ಎಬ್ಬಿಸಿದ್ಯಲ್ಲ" ಎಂದು ನನ್ನನ್ನು ಬೈದು, ಅದೇ ಸೋಪಿನ ಮುಖದಲ್ಲಿ ಓಣಿಯ ತುದಿಯವರೆಗೂ ಹೋಗಿ ಎಲ್ಲರಿಗೂ ತಾವೇ ಹೇಳಿ ಬಂದರು.

ನಮ್ಮಲ್ಲಿ ಮಗು ಹೊಸ್ತಿಲು ದಾಟಿದ ದಿನ ಸಿಹಿ ಮಾಡಿ, ಮನೆಯವರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಮಗಳು ಸುಮಾ ಕೇಳಿದಳು. "ಹೋಳಿಗಿ ಮಾಡೂಣೇನು ಅವ್ವಾ?"

"ಹೋಳಿಗಿ ಬ್ಯಾಡ. ಇವತ್ತು ಕೇಕು ಮಾಡಬೇಕು."

ಎಲ್ಲರೂ ನನ್ನ ಮುಖ ನೋಡಿದರು. ಹೂ ಕಟ್ಟುವ ಮುದುಕಿ, ಒಲೆಯ ಮುಂದೆ ರೊಟ್ಟಿ ಬಡಿದೇ ಜೀವನ ಕಳೆದವಳು, ಕೇಕು ಎಂದರೆ ನಗುವುದಿಲ್ಲವೇ? ಅಳಿಯ ನಕ್ಕ. ಮಗಳು ನಗಲಿಲ್ಲ. ಅವಳಿಗೆ ನೆನಪಿತ್ತು. "ಬೇಕ್ರಿ ಮಾಮ ಬರ್ತೀನಿ ಅಂದಿದ್ದ ದಿನ ಇದ ಅಲ್ಲೇನು ಅವ್ವಾ?" ಎಂದಳು.

ಹೌದು. ಬರುತ್ತೇನೆ ಎಂದಿದ್ದರು. ಬರುವುದಕ್ಕೆ ಅವರು ಈಗ ಇಲ್ಲ. ಆದರೆ ಅವರು ಹೇಳಿದ್ದ ದಿನ ತಾನಾಗಿ ನಡೆದುಕೊಂಡು ನಮ್ಮ ಬಾಗಿಲಿಗೆ ಬಂದುಬಿಟ್ಟಿತಲ್ಲ! ಅದಕ್ಕೇ ಅವರ ಬಗ್ಗೆ ನಾಲ್ಕು ಮಾತು ಬರೆಯಲು ಕೂತಿದ್ದೇನೆ. ಅವರನ್ನು ನೆನೆದು ಬರೆಯುವವರು ಬೇರೆ ಯಾರೂ ಇಲ್ಲ.

ಅದು ಕಬ್ಬಿಣದ ಅದಿರಿನ ಕಾಲ. ಸಂಡೂರಿನ ಗುಡ್ಡ ಇಳಿದು ಬಂದ ಲಾರಿಗಳು ಹೊಸಪೇಟೆಯ ರಸ್ತೆಯಲ್ಲಿ ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಹೋಗುತ್ತಿದ್ದವು. ಬೀದಿ ಕೆಂಪು, ಗಿಡ ಕೆಂಪು, ಒಣಗಲು ಹಾಕಿದ ಬಿಳಿ ಪಂಚೆ ಕೆಂಪು. ನಾನು ಬೇಕರಿಯ ಮೆಟ್ಟಿಲ ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದೆ. ಮಲ್ಲಿಗೆ ಸಂಜೆಯೊಳಗೆ ಕನಕಾಂಬರವಾಗದಂತೆ ದಿನವಿಡೀ ನೀರು ಚಿಮುಕಿಸುವುದೇ ಕೆಲಸ. ಆ ಬೇಕರಿ ಅವರದು. ಊರಿಗೆಲ್ಲ ಅವರು ಬೇಕ್ರಿ ಅಣ್ಣ. ಹೆಸರು ಒಂದಿತ್ತು, ಆದರೆ ಯಾರೂ ಅದನ್ನು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಈಗ ನಾನೊಬ್ಬಳೇ ಬರೆದು ಅದನ್ನು ಹೊರಗೆ ಎಳೆಯುವುದು ಬೇಡ.

ಎತ್ತರದ ಆಳು. ತಮ್ಮ ಅಂಗಡಿಯ ಬಾಗಿಲು ಎಷ್ಟು ಎತ್ತರವಿದ್ದರೂ ತಲೆ ಬಗ್ಗಿಸಿಯೇ ಒಳಗೆ ಹೋಗುತ್ತಿದ್ದರು. ಹುಬ್ಬಿನ ತುಂಬ ಮೈದಾ. ಹೆಗಲ ಮೇಲೆ ಒಂದು ಟವೆಲ್ಲು, ಅದರ ಒಂದು ತುದಿ ಕೈ ಒರೆಸುವುದಕ್ಕೆ, ಇನ್ನೊಂದು ಬೆವರಿಗೆ, ಎಂದೂ ಅದಲುಬದಲು ಆಗುತ್ತಿರಲಿಲ್ಲ. ಹಿಂದಿನ ಭಟ್ಟಿಯ ಕೋಣೆಯಲ್ಲೇ ಮಲಗುತ್ತಿದ್ದರು. ಸಂಡೂರಿನ ಕಡೆಯವರು ಎಂದು ಒಬ್ಬರು, ಕೂಡ್ಲಿಗಿಯ ಕಡೆಯವರು ಎಂದು ಇನ್ನೊಬ್ಬರು ಹೇಳುತ್ತಿದ್ದರು. ಹಬ್ಬಕ್ಕೆ ಊರಿಗೆ ಹೋದದ್ದನ್ನು ನಾನು ಕಾಣಲಿಲ್ಲ, ಊರಿನಿಂದ ಅವರನ್ನು ಹುಡುಕಿಕೊಂಡು ಬಂದವರನ್ನೂ ಕಾಣಲಿಲ್ಲ.

ಅವರು ನನ್ನ ಜೊತೆ ಮೊದಲು ಮಾತಾಡಿದ್ದು ದಾರಕ್ಕಾಗಿ.

"ತಂಗೆವ್ವ, ಒಂದು ಮೊಳ ದಾರ ಕೊಡ್ತೀಯೇನು? ಹೂವು ಬ್ಯಾಡ, ಬರೇ ದಾರ."

"ಹೂವಿಲ್ಲದ ದಾರ ತಗೊಂಡು ಏನ್ಮಾಡ್ತೀರಣ್ಣಾ?"

"ಕೊಯ್ತೀನಿ."

ಏನು ಕೊಯ್ಯುತ್ತಾರೆ ಎಂದು ಇಣುಕಿ ನೋಡಿದೆ. ಮೇಜಿನ ಮೇಲೆ ಒಂದು ಲಾರಿ! ಕೇಕಿನ ಲಾರಿ. ಮುಂದೆ ಡ್ರೈವರಿನ ಗೂಡು, ಹಿಂದೆ ಟ್ರಾಲಿ, ಕೆಳಗೆ ದುಂಡಗಿನ ಗಾಲಿಗಳು. ಅವರು ಅದರ ಸೊಂಟದ ಸುತ್ತ ನನ್ನ ದಾರ ಸುತ್ತಿ, ಎರಡೂ ತುದಿಗಳನ್ನು ಅಡ್ಡ ಹಾಯಿಸಿ, ಮೆಲ್ಲಗೆ, ಮಲಗಿದ ಮಗುವಿನ ಕೈಕೆಳಗಿನಿಂದ ಸೆರಗು ಬಿಡಿಸಿಕೊಂಡ ಹಾಗೆ, ಎಳೆದರು. ದಾರ ಇಡೀ ಲಾರಿಯ ಹೊಟ್ಟೆ ದಾಟಿ ಹೊರಗೆ ಬಂತು. ಲಾರಿ ಇದ್ದಂತೆಯೇ ನಿಂತಿತ್ತು.

"ಕೊಯ್ದಾತೇನು?"

"ಆತು. ಕಾಣ್ಲಿಲ್ಲಲ್ಲ? ಕಾಣಬಾರದು."

ಆ ಕಾಲದಲ್ಲಿ ಊರಿಗೆ ಹೊಸ ಶೋಕಿ ಬಂದಿತ್ತು. ಮೊದಲು ಹುಟ್ಟಿದ ಹಬ್ಬಕ್ಕೆ ಒಂದು ಶೇಂಗಾ ಹೋಳಿಗೆಯಾದರೆ ಹೆಚ್ಚಾಗಿತ್ತು. ಅದಿರು ಬಂದ ಮೇಲೆ ಎಲ್ಲರ ಮನೆಯ ಮಕ್ಕಳಿಗೂ ಕೇಕು ಬೇಕು, ಅದೂ ದುಂಡಗಿನದಲ್ಲ, ಚೌಕದ್ದಲ್ಲ. ಲಾರಿ ಬೇಕು, ಜೆಸಿಬಿ ಬೇಕು, ಹೆಲಿಕಾಪ್ಟರ್ ಬೇಕು. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಒಬ್ಬಳು ಹುಡುಗಿಗೆ ಡ್ಯಾಮೇ ಬೇಕಾಗಿತ್ತು, ಬಾಗಿಲುಗಳ ಸಮೇತ! ಅಂಥ ಅಚ್ಚಿನ ಪಾತ್ರೆಗಳು ಇಲ್ಲಿ ಎಲ್ಲಿ ಸಿಗಬೇಕು? ಬೇಕ್ರಿ ಅಣ್ಣ ಎಣ್ಣೆ ಡಬ್ಬದ ತಗಡು ತಂದು, ಬಜಾರಿನ ತಗಡು ಕೆಲಸದವರ ಮುಂದೆ ಕುಕ್ಕರಗಾಲಲ್ಲಿ ಕೂತು, ಮಣ್ಣಿನಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿ ಮಾಡಿಸುತ್ತಿದ್ದರು. ಅಂಗಡಿಯ ಹಿಂದಿನ ಗೋಡೆಯ ಮೇಲೆ ಅವೆಲ್ಲ ತೂಗುತ್ತಿದ್ದವು. ಮೀನು, ಗೊಂಬೆ, ಲಾರಿ, ಲಾರಿ, ಲಾರಿ.

ಗಾದಿಗನೂರಿನ ಒಬ್ಬ ಲಾರಿ ಮಾಲೀಕ ಬಂದು, ಮಗನ ಕೇಕಿನ ಟ್ರಾಲಿಯಲ್ಲಿ ಅದಿರು ತುಂಬಿರಬೇಕು ಎಂದ. ಅಣ್ಣ ಕೇಕಿನ ಪುಡಿಗೆ ಬೀಟ್ರೂಟಿನ ರಸ ಕಲಸಿ ಗುಡ್ಡೆ ಹಾಕಿದರು. "ಇನ್ನೊಂದಿಷ್ಟು ಹಾಕ್ರಿ, ಇನ್ನೊಂದಿಷ್ಟು" ಎಂದು ಅವನು ಹೇಳುತ್ತಲೇ ಇದ್ದ. ಅಣ್ಣ ಚಮಚ ಕೆಳಗಿಟ್ಟರು.

"ಸಾಕ್ರಿ ಧಣಿ. ಓವರ್‌ಲೋಡ್ ಆತಂದ್ರ ನಿಮ್ಮ ಮನಿ ಬಾಗಿಲ್ದಾಗ ಚೆಕ್‌ಪೋಸ್ಟ್‌ನವ್ರು ನಿಂತಿರ್ತಾರ."

ಲಾರಿ ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣ ನಗಲಿಲ್ಲ. ಅವರು ನಗಿಸುತ್ತಿದ್ದರು, ಆಮೇಲೆ ಬೇರೆಯವರ ನಗುವನ್ನು ನಿಂತು ನೋಡುತ್ತಿದ್ದರು.

ಕೆಲಸದಲ್ಲಿ ಅವರದೊಂದು ಪದ್ಧತಿ ಇತ್ತು. ಕೇಕು ಬೆಂದು ಅಚ್ಚಿನ ಅಂಚು ಮೀರಿ ಉಬ್ಬಿರುತ್ತದಲ್ಲ, ಅದನ್ನು ಅಚ್ಚಿನಲ್ಲೇ ಇಟ್ಟುಕೊಂಡು ಉದ್ದ ಚಾಕುವಿನಿಂದ ಸಮ ಮಾಡುವರು. ಆಮೇಲೆ ಹಲಗೆಯ ಮೇಲೆ ಬೋರಲು ಹಾಕಿ, ಅಚ್ಚಿನ ಬೆನ್ನಿಗೆ ಬೆರಳ ಗಿಣ್ಣಿನಿಂದ ತಟ್ಟುವರು, ಯಾರದೋ ಮನೆಯ ಬಾಗಿಲು ಬಡಿದ ಹಾಗೆ. ತಟ್ಟಿ, ಸುಮ್ಮನೆ ನಿಂತು ಕಾಯುವರು. "ಬಾರವ್ವ, ಹೊರಗ ಬಾ" ಎನ್ನುವರು. ಎಂದೂ ಅಲುಗಿಸಿ ಕೆಡವಿದವರಲ್ಲ. ಅದು ತಾನಾಗಿ ಬಿಟ್ಟುಕೊಂಡು ಇಳಿಯಬೇಕು.

ಮೊಟ್ಟೆ ಹಾಕದ ಕೇಕು ಬಹಳ ಸೂಕ್ಷ್ಮ, ಹಿಡಿದಲ್ಲಿ ಪುಡಿಯಾಗುತ್ತದೆ. ನಮ್ಮ ಕಡೆ ಅದನ್ನೇ ಕೇಳುವವರು ಹೆಚ್ಚು. ದಾರದಿಂದ ಸೀಳಿದ ಮೇಲೆ ಮೇಲಿನ ಅರ್ಧವನ್ನು ತೆಳು ತಗಡಿನ ಮೇಲೆ ಎತ್ತಿ, ಅಚ್ಚಿಗೆ ಎಣ್ಣೆ ಕಾಗದ ಹಾಸಿ, ಮತ್ತೆ ಅದರೊಳಗೇ ಮುಖ ಕೆಳಗೆ ಮಾಡಿ ಮಲಗಿಸುವರು. ಅಲ್ಲಿ ಹೂರಣವನ್ನೋ ಜಾಮನ್ನೋ ಹರಡುವರು, ಅಂಚಿನಲ್ಲಿ ಒಂದು ಬೆರಳಿನಷ್ಟು ಜಾಗ ಬಿಟ್ಟು. ಮೇಲೆ ಇನ್ನೊಂದು ಅರ್ಧ ಮುಚ್ಚಿ, ಮತ್ತೆ ಬೋರಲು ಹಾಕಿ ಇಳಿಸುವರು. "ಯಾಕಣ್ಣಾ ಮತ್ತ ಅದರಾಗ ಇಡ್ತೀರಿ?" ಎಂದು ಕೇಳಿದೆ ಒಮ್ಮೆ.

"ಎಲ್ಲಿ ಬೆಳೀತೋ ಅಲ್ಲೇ ಅದಕ್ಕ ಧೈರ್ಯ ತಂಗೆವ್ವ. ಹೊರಗಿಟ್ಟು ತುಂಬಿದ್ರ ಒಡೀತೈತಿ."

ಸಮ ಮಾಡುವಾಗ ಕೊಯ್ದು ಬಂದ ಬುಡದ ಚೂರೇ ಅವರ ರಾತ್ರಿಯ ಊಟ. ಒಂದು ಲೋಟ ಚಹಾದಲ್ಲಿ ಅದ್ದಿಕೊಂಡು ತಿನ್ನುವರು. ಊರಿನ ಮಕ್ಕಳಿಗೆಲ್ಲ ಕೇಕು ಮಾಡಿದ ಮನುಷ್ಯ ಒಂದು ಕೇಕಿನ ನಡುವಿನ ತುಂಡನ್ನು, ಹೂರಣ ತುಂಬಿದ್ದನ್ನು, ತಿಂದದ್ದನ್ನು ನಾನು ಕಾಣಲಿಲ್ಲ. ಕೊಯ್ಯುವ ಸಂಭ್ರಮವನ್ನೂ ಅವರು ನೋಡಲಿಲ್ಲ. ಕೇಕನ್ನು ಯಾರದೇ ಮನೆಗೆ ಒಯ್ದು ಕೊಡಲಿ, ಹೊಸ್ತಿಲ ಹೊರಗೇ ನಿಂತು ಕೈಚಾಚಿ ಕೊಟ್ಟು ಬಂದುಬಿಡುವರು. ಒಳಗೆ ದೀಪ, ಬಲೂನು, ಹಾಡು. ಇವರು ಆಗಲೇ ಬೀದಿಯ ತಿರುವಿನಲ್ಲಿ.

ನಮ್ಮ ಮನೆಗೂ ಬರುತ್ತಿದ್ದರು. ದಾರದ ಋಣ ಎಂದು ಸುಮಾಳ ಹುಟ್ಟುಹಬ್ಬಕ್ಕೆ ವರ್ಷವರ್ಷವೂ ಮೀನಿನ ಅಚ್ಚಿನದೊಂದು ಕೇಕು ತರುವರು. ಅವಳು ಆಗ ಶಾಲೆಯ ಲಂಗ ಹಾಕುವ ಹುಡುಗಿ. "ಒಳಗ ಬಾ ಮಾಮ" ಎಂದು ಕೈ ಹಿಡಿದು ಎಳೆಯುವಳು. ಅವರು ನಗುನಗುತ್ತಲೇ ಕೈ ಬಿಡಿಸಿಕೊಳ್ಳುವರು. ನನ್ನ ಮನೆಯವರಿಗೆ ಸಿಟ್ಟು ಬರುತ್ತಿತ್ತು. "ನಮ್ಮ ಮನ್ಯಾಗೇನು ಮುಳ್ಳು ಹಾಕೀವೇನ್ರಿ?" ಎಂದು ಕೇಳಿಯೂ ಕೇಳಿದರು. "ಭಟ್ಟಿ ಮ್ಯಾಲ ಬನ್ ಇಟ್ಟು ಬಂದೀನ್ರಿ" ಎಂಬುದು ಯಾವಾಗಲೂ ಅವರ ಉತ್ತರ. ಊರಿಗೆಲ್ಲ ಗೊತ್ತು, ಆ ಹೊತ್ತಿನಲ್ಲಿ ಭಟ್ಟಿ ಆರಿರುತ್ತದೆ.

ಯಾಕೆ ಎಂದು ನನಗೆ ತಿಳಿದದ್ದು ಕಂಪ್ಲಿಯಲ್ಲಿ.

ಕಂಪ್ಲಿಯ ಒಬ್ಬ ಅಕ್ಕಿ ಗಿರಣಿಯ ಮಾಲೀಕರು ಬಂದಿದ್ದರು. ಮಗನಿಗೆ ವರ್ಷ ತುಂಬುತ್ತದೆ ಎಂದರು. "ಎಲ್ಲಾರೂ ಲಾರಿ ಮಾಡಿಸ್ತಾರ. ನಾವು ಲಾರಿ ಮಂದಿ ಅಲ್ರಿ. ಬಸವಣ್ಣನ್ನ ಮಾಡ್ರಿ, ನಮ್ಮ ಮನಿದೇವ್ರು. ಕುಂತ ಬಸವಣ್ಣ."

ಅಣ್ಣನ ಮುಖ ಅರಳಿದ್ದನ್ನು ಅವತ್ತು ನೋಡಿದೆ. ಬಜಾರಿಗೆ ಹೋಗಿ ಕೂತು, ಮೊದಲು ನೋಡಲಿಕ್ಕೆಂದು ಚಿಕ್ಕದೊಂದು ಅಚ್ಚು ಮಾಡಿಸಿದರು. ಅದಕ್ಕೆ 'ಕರು' ಎಂದು ಹೆಸರಿಟ್ಟರು. ಕರು ಸರಿ ಬಂದ ಮೇಲೆ ದೊಡ್ಡ ಬಸವಣ್ಣ. ಕಾಲು ಮಡಚಿ ಕೂತ ಮೈ, ಬೆನ್ನ ಮೇಲೆ ಉಬ್ಬಿದ ಇಣಿ, ಕೊರಳಿಗೆ ಗಂಟೆ ಸರ. ಕಂಪ್ಲಿಗೆ ಹೋಗುವಷ್ಟರಲ್ಲಿ ಬಿಸಿಲಿಗೆ ಕ್ರೀಮು ಕರಗುತ್ತದೆಂದು ಒಳಗೆ ಕೊಬ್ಬರಿ, ಬೆಲ್ಲ, ಏಲಕ್ಕಿಯ ಹೂರಣ ತುಂಬಿದರು. ಅದೇ ಮನೆಗೆ ಹೂವಿನ ಮಾಲೆ ಒಪ್ಪಿಸಬೇಕಿದ್ದರಿಂದ ನಾನೂ ಅದೇ ಟೆಂಪೋದಲ್ಲಿ ಹೊರಟೆ. ದಾರಿಯುದ್ದಕ್ಕೂ ಗದ್ದೆ. ಆ ಮನುಷ್ಯ ಗದ್ದೆ ನೋಡಲಿಲ್ಲ. ತೊಡೆಯ ಮೇಲೆ ಬಸವಣ್ಣನನ್ನು ಇಟ್ಟುಕೊಂಡು, ತಗ್ಗು ಬಂದಾಗಲೆಲ್ಲ ಎರಡೂ ಕೈ ಅಡ್ಡ ಹಿಡಿಯುತ್ತಿದ್ದರು.

ಮಾಲೀಕರಿಗಾಗಲಿ, ಅಣ್ಣನಿಗಾಗಲಿ, ನನಗಾಗಲಿ ಒಂದು ಮಾತು ಹೊಳೆದಿರಲಿಲ್ಲ. ಅದು ಹೊಳೆದದ್ದು ಆ ಮನೆಯ ಹಿರಿಯಮ್ಮನಿಗೆ.

ಪಡಸಾಲೆಯ ತುಂಬ ಜನ. ಬಸವಣ್ಣನನ್ನು ನಡುವೆ ಇಟ್ಟಿದ್ದಾರೆ. ಹಿರಿಯಮ್ಮ ಮುಂದೆ ಬಂದು, ಭಕ್ತಿಯಿಂದ ಅದರ ಹಣೆಗೆ ವಿಭೂತಿ ಹಚ್ಚಿ, ಆರತಿ ಎತ್ತಿ, ಕೈಮುಗಿದರು. ತಿರುಗಿ ನೋಡಿದರೆ ಅವರ ಮಗ, ಗಿರಣಿ ಮಾಲೀಕರು, ರಿಬ್ಬನ್ ಕಟ್ಟಿದ ಚಾಕು ಹಿಡಿದು ನಿಂತಿದ್ದಾರೆ.

"ಏ ತಮ್ಮಾ, ಕೈಯಾಗ ಏನದು?"

"ಚಾಕು ಯವ್ವಾ. ಕೊಯ್ಯಾಕ."

"ಯಾರನ್ನ ಕೊಯ್ಯಾಕ?"

ಬಲೂನು ಊದುತ್ತಿದ್ದವನ ಬಲೂನು ಪುಸ್ಸೆಂದು ಇಳಿಯಿತು. ಬಸವಣ್ಣನ ಕೊರಳಿಗೆ ಚಾಕು ಹಾಕುವವರು ಯಾರು? ಗಿರಣಿ ಮಾಲೀಕರು ಬಾಗಿಲ ಕಡೆ ತಿರುಗಿ, "ನೀವರ ಹೇಳಬಾರದಿತ್ತೇನ್ರಿ?" ಎಂದು ಸಿಡುಕಿದರು.

ಅಣ್ಣ ಎಂದಿನಂತೆ ಹೊಸ್ತಿಲ ಹೊರಗಿದ್ದರು. ಟವೆಲ್ಲಿನಿಂದ ಬೆವರು ಒರೆಸಿಕೊಂಡರು. ಅವತ್ತು ಮಾತ್ರ ಟವೆಲ್ಲಿನ ತುದಿ ಅದಲುಬದಲಾಗಿ ಹಣೆಗೆ ಮೈದಾ ಹತ್ತಿತು.

"ಚಾಕು ಬ್ಯಾಡ್ರಿ ಅಮ್ಮಾರ. ಕೊಯ್ಯೋದು ಆಗಲೇ ಮುಗದೈತಿ. ಒಳಗ ಎರಡು ಭಾಗ ಅದಾವ. ಅದರ ಪಾಪ ಏನರ ಇದ್ರ ನಂಗಿರ್ಲಿ. ಮ್ಯಾಲಿಂದು ಹಂಗ ಎತ್ತಿದ್ರ ಬಸವಣ್ಣ ಬಸವಣ್ಣನ ಇರ್ತಾನ. ಕೆಳಗಿಂದು ಪ್ರಸಾದ ಮಾಡ್ರಿ."

"ಯಾತರಾಗ ಕೊಯ್ದೀಯಪ್ಪ?" ಹಿರಿಯಮ್ಮ ಬಿಡಲಿಲ್ಲ.

"ಹೂವಿನ ದಾರದಾಗ್ರಿ. ಈ ನಮ್ಮ ತಂಗೆವ್ವ ದೇವರಿಗೆ ಮಾಲಿ ಕಟ್ಟೋ ದಾರ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಬುಟ್ಟಿಯಿಂದ ದಾರದ ಉಂಡೆ ತೆಗೆದು ಎತ್ತಿ ತೋರಿಸಿದೆ. ಹಿರಿಯಮ್ಮ ಅದನ್ನು ನೋಡಿದರು, ಬಸವಣ್ಣನನ್ನು ನೋಡಿದರು. "ಹಂಗಾದ್ರ ನೀನ ಬಂದು ಎತ್ತು" ಎಂದರು.

"ಇಲ್ಲೇ ತರ್ರಿ ಅಮ್ಮಾರ."

"ಅಯ್ಯ, ನಾಲ್ಕು ಹೆಜ್ಜಿ ಒಳಗ ಬಾರಪ್ಪ!"

"ಇಲ್ಲೇ ತರ್ರಿ. ಬೆಳಕು ಚಲೋ ಐತಿ."

ಮೇಜನ್ನೇ ಹೊತ್ತು ಬಾಗಿಲಿಗೆ ತಂದರು. ಅವರು ಹೊರಗೆ ನಿಂತುಕೊಂಡೇ, ಉದ್ದ ತೋಳುಗಳನ್ನು ಮಾತ್ರ ಒಳಗೆ ಚಾಚಿ, ತಗಡು ತೂರಿಸಿ, ಬಸವಣ್ಣನನ್ನು ಎತ್ತಿದರು. ಒಂದು ಕಿವಿ ಅಲುಗಲಿಲ್ಲ. ಕೆಳಗೆ ಹೂರಣದ ಹಾಸಿಗೆ, ಏಲಕ್ಕಿಯ ಘಮ. ಹುಡುಗರು ಹೋ ಎಂದರು. "ಹೂರಣ ತುಂಬ್ಯಾನವ್ವ!" ಎಂದು ಹಿರಿಯಮ್ಮ ಹುಡುಗಿಯಂತೆ ಕೈತಟ್ಟಿದರು. ಕೆಳಗಿನ ಭಾಗ ಮನೆಮಂದಿಗೆಲ್ಲ ಹಂಚಿಹೋಯಿತು. ಮೇಲಿನ ಬಸವಣ್ಣನನ್ನು ಹಿತ್ತಲಿಗೆ ಒಯ್ದು, ಗಿರಣಿಯ ಎತ್ತುಗಳ ಮುಂದೆ ಇಟ್ಟರು. ಅವು ಒಂದು ಕ್ಷಣ ಮೂಸಿ ನೋಡಿ, ಇಣಿಯಿಂದ ಶುರುಮಾಡಿದವು.

ಆಮೇಲೆ ಹಿರಿಯಮ್ಮ ಮತ್ತೆ ಬಾಗಿಲಿಗೆ ಬಂದರು. "ನಮ್ಮ ಮರ್ಯಾದಿ ಉಳಿಸಿದಿ. ಒಳಗ ಬಾ, ಕುಂದ್ರು. ಎಲಿ ಹಾಕಿಸ್ತೀನಿ."

ಆಗ ನಾನು ನೋಡಿದೆ. ಅಣ್ಣನ ಬಲಗಾಲು ಮೇಲೆದ್ದಿತು. ಚಪ್ಪಲಿ ಬಿಟ್ಟ ಬರಿಗಾಲು, ಹೊಸ್ತಿಲಿನ ಮೇಲೆ, ಗಾಳಿಯಲ್ಲಿ. ಅಷ್ಟರಲ್ಲಿ ಒಳಗಿನಿಂದ ಒಬ್ಬ ವಯಸ್ಸಾದವರು, ಏನೂ ಕೆಟ್ಟ ಮನಸ್ಸಿಲ್ಲದೆ, ಎಲ್ಲರನ್ನೂ ಕೇಳುವ ಹಾಗೆ ಕೇಳಿದರು.

"ಅಂದಂಗ, ನೀವು ಯಾರ ಪೈಕಿ ಆತು?"

ಕಾಲು ಹಿಂದಕ್ಕೆ ಹೋಯಿತು.

"ಬೇಕ್ರಿ ಪೈಕಿ ರೀ ಯಜಮಾನ್ರ" ಎಂದು ನಕ್ಕು, ಕೈಮುಗಿದು, "ಟೆಂಪೋ ಹೊಂಟೈತ್ರಿ" ಎಂದು ಇಳಿದುಬಿಟ್ಟರು. ಟೆಂಪೋದ ಡ್ರೈವರ್ ಒಳಗೆ ಪಂಕ್ತಿಯಲ್ಲಿ ಕೂತು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ.

ನಾನೂ ಎದ್ದು ಬಂದು ಟೆಂಪೋದ ಹಿಂದೆ ಅವರ ಜೊತೆ ಕೂತೆ. ಡ್ರೈವರ್ ಬರುವವರೆಗೆ ಹೊತ್ತಿತ್ತು. ಅವರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಅದೇ, ಬುಡದ ಚೂರು.

"ತಗೋ ತಂಗೆವ್ವ. ಬಸವಣ್ಣನ ಬುಡ."

ನಾನು ತೆಗೆದುಕೊಂಡೆ.

"ಒಳಗ ಹೋಗಿದ್ರ ಏನಾಗ್ತಿತ್ತಣ್ಣಾ?"

"ಒಳಗ ಹೋದ್ರ ಕುಂದ್ರು ಅಂತಾರ. ಕುಂತ್ರ ಯಾರ ಪೈಕಿ ಅಂತಾರ. ಹೇಳಿದ್ರ ಕೆಲವ್ರು ಏಳು ಅಂತಾರ, ಕೆಲವ್ರು ಬಾಯಿಲೆ ಅನ್ನಂಗಿಲ್ಲ, ಎಲಿ ಸರಿಸ್ಕೊಂತಾರ." ಚೂರು ಮುರಿದು ಬಾಯಿಗೆ ಹಾಕಿಕೊಂಡರು. "ಹೊಸ್ತಿಲ್ದಾಗ ನಿಂತ್ರ ಯಾರೂ ಏನೂ ಕೇಳಂಗಿಲ್ಲ. ಕೇಕು ಎಲ್ಲಿ ಅಂತಷ್ಟ ಕೇಳ್ತಾರ."

"ನಾವು ಎಂದರ ಕೇಳೀವೇನು?"

"ಇಲ್ಲವ್ವ. ನೀವು ಕೇಳಿಲ್ಲ."

"ಮತ್ತ ಯಾಕ ಬರಂಗಿಲ್ಲ?"

ಗಿರಣಿಯ ಹೊಟ್ಟು ಗಾಳಿಗೆ ಹಾರಿ ಬಂದು ಅವರ ತೊಡೆಯ ಮೇಲೆ ಬೀಳುತ್ತಿತ್ತು. ಬಸವಣ್ಣ ಇದ್ದ ಜಾಗ.

"ರೂಢಿ ಇಲ್ಲ ತಂಗೆವ್ವ. ಕಾಲಿಗೆ ರೂಢಿ ಇಲ್ಲ" ಎಂದರು. ಆಮೇಲೆ ಹಾಸ್ಯ ಮಾಡಿದರು. "ನಿನ್ನ ಸುಮಾನ ಮಗು ಹೊಸ್ತಿಲು ದಾಟೋ ದಿನ ಬರ್ತೀನಿ, ತಗೋ. ಅವತ್ತು ಅದರ ಜೋಡಿ ನಾನೂ ದಾಟ್ತೀನಿ. ಕಲಿಯೋರು ಇಬ್ರು ಇದ್ರ ನಾಚಿಕಿ ಆಗಂಗಿಲ್ಲ."

ಸುಮಾ ಆಗಿನ್ನೂ ಎರಡು ಜಡೆ ಹಾಕುತ್ತಿದ್ದವಳು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ನಾನು ನಗುವುದನ್ನು ನೋಡುತ್ತ ಕೂತರು. ಅವತ್ತಿನಿಂದ ಅವರು ಸುಮಾಳಿಗೆ ಮೀನು ಕೊಡಲು ಬಂದಾಗಲೆಲ್ಲ, "ನಮ್ಮ ದಿನ ಎಲ್ಲಿಗೆ ಬಂತು ತಂಗೆವ್ವ?" ಎಂದು ಕೇಳುವರು. "ದಾರ್ಯಾಗ ಐತಣ್ಣಾ" ಎನ್ನುವೆ ನಾನು. ಸುಮಾ ದೊಡ್ಡವಳಾದ ಮೇಲೆ ಈ ಮಾತಿಗೆ ನಾಚಿ ಒಳಗೆ ಓಡುತ್ತಿದ್ದಳು.

ಆ ದಿನಕ್ಕಿಂತ ಮುಂಚೆ ಬೇರೆ ದಿನ ಬಂತು. ಗಣಿಗಳು ನಿಂತವು. ರಸ್ತೆ ಖಾಲಿಯಾಯಿತು. ನನ್ನ ಮಲ್ಲಿಗೆ ಸಂಜೆಯವರೆಗೂ ಬಿಳಿಯಾಗಿಯೇ ಉಳಿಯತೊಡಗಿತು. ಅದಕ್ಕೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ, ಕೊಳ್ಳುವವರೂ ಕಡಿಮೆಯಾಗಿದ್ದರು. ಲಾರಿಯ ಕೇಕು ಕೇಳುವವರು ಒಬ್ಬರೂ ಇಲ್ಲ. ಅಣ್ಣ ಖಾರದ ಬನ್ನು, ಬ್ರೆಡ್ಡು ಮಾಡಿಕೊಂಡು ಇದ್ದರು. ಆದರೂ ದಿನಾ ಬಂದು ನನ್ನ ಹತ್ತಿರ ಒಂದು ಮೊಳ ದಾರ ಕೇಳುತ್ತಿದ್ದರು. ಬ್ರೆಡ್ಡಿಗೆ ದಾರ ಏಕೆ ಬೇಕು? ನಾನು ಕೇಳಲಿಲ್ಲ, ಕೊಟ್ಟೆ. ಅವರೂ ನಾಲ್ಕು ಮಾತಾಡಿ ಹೋಗುವರು.

ಆಮೇಲೆ ಕೆಮ್ಮು ಹಿಡಿಯಿತು. ಅಚ್ಚುಗಳನ್ನೆಲ್ಲ ಗುಜರಿಗೆ ಹಾಕಿದರು. ಒಂದು ಬೆಳಿಗ್ಗೆ ಕರುವಿನ ಅಚ್ಚೊಂದನ್ನು ಮಾತ್ರ ಉಳಿಸಿ ತಂದು ನನ್ನ ಬುಟ್ಟಿಯ ಪಕ್ಕದಲ್ಲಿ ಇಟ್ಟರು.

"ಇದನ್ನ ಗುಜರಿಯವ್ರು ಸುತ್ತಿಗಿಲೆ ಬಡೀತಾರ. ನೋಡಾಕ ಆಗಂಗಿಲ್ಲ. ನಿನ್ನತ್ರ ಇರ್ಲಿ. ಕಿವಿ ಹತ್ರ ದಾರ ಎತ್ತಬ್ಯಾಡ, ಮಡಚಿದ ಕಾಲಿನ ಗೆರಿ ಹಿಡ್ಕೊಂಡು ಹೋಗು."

"ನನಗ್ಯಾಕ ಹೇಳ್ತೀರಣ್ಣಾ, ನೀವ ಮಾಡ್ರಿ."

"ಕಿವಿ ಮುರೀತಂದ್ರ ಹೂರಣ ಹಚ್ಚಿ ಅಂಟಿಸು. ಯಾರಿಗೂ ಹೇಳಬ್ಯಾಡ."

ಅಂಗಡಿಯ ಶಟರು ಏಳದ ದಿನ ಸರಕಾರಿ ಆಸ್ಪತ್ರೆಯಿಂದ ಸುದ್ದಿ ಬಂತು. ಅವರ ಕಡೆಯವರು ಯಾರಾದರೂ ಬರುತ್ತಾರೆಂದು ಬೀದಿಯವರು ಮಧ್ಯಾಹ್ನದವರೆಗೂ ಕಾದರು. ಯಾರೂ ಬರಲಿಲ್ಲ. ಯಾರ ಪೈಕಿ ಎಂದು ಅವತ್ತೂ ಯಾರಿಗೂ ತಿಳಿಯಲಿಲ್ಲ. ನನ್ನ ಮನೆಯವರು, ಚಹಾದಂಗಡಿಯವರು, ತಗಡು ಕೆಲಸದವರು ಹೆಗಲು ಕೊಟ್ಟರು. ಬುಟ್ಟಿಯಲ್ಲಿದ್ದ ಹೂವೆಲ್ಲ ಮಾಲೆಯಾಯಿತು. ಆಮೇಲೆ ಕರುವನ್ನು ನಾನು ಹೂವಿನ ಪಾತ್ರೆ ಮಾಡಿಕೊಂಡೆ. ಒದ್ದೆ ಬಟ್ಟೆ ಹಾಸಿ ಮಲ್ಲಿಗೆ ಇಟ್ಟರೆ ಅದರಲ್ಲಿ ಬಾಡುವುದಿಲ್ಲ.

ಇವತ್ತು ಆ ಕರುವನ್ನು ಹುಣಸೆ ಹಚ್ಚಿ ತೊಳೆದೆ. ದೊಡ್ಡ ಬೋಗುಣಿಗೆ ಮರಳು ಹಾಕಿ ಒಲೆಯ ಮೇಲಿಟ್ಟೆ. ಮೊಟ್ಟೆ ಇಲ್ಲ, ಮೊಸರು, ಸೋಡಾ, ಅಣ್ಣ ಹಾಕುತ್ತಿದ್ದಂತೆಯೇ ಕೈಯಳತೆ. ಅಳಿಯ ಬಂದು ಇಣುಕಿದ. "ಅತ್ತಿ, ಮೊಬೈಲ್‌ನಾಗ ನೋಡೂಣೇನ್ರಿ, ಹೆಂಗ ಕೊಯ್ಯೋದು ಅಂತ?"

"ಮೊಬೈಲ್‌ನಾಗ ಅವ್ರು ಇಲ್ಲಪ್ಪ."

ಅಚ್ಚನ್ನು ಬೋರಲು ಹಾಕಿ ಬೆನ್ನಿಗೆ ತಟ್ಟಿದೆ. ಕಾದೆ. ಬೇಕ್ರಿ ಅಣ್ಣನಿಗೆಂದು ಮಾಡುತ್ತಿರುವ ಮೊದಲನೆಯ ಕೇಕು, ಅದು ಪುಡಿಯಾದರೆ ಅವರನ್ನು ಯಾವ ಮುಖದಿಂದ ಊಟಕ್ಕೆ ಕರೆಯಲಿ? "ಬಾರವ್ವ, ಹೊರಗ ಬಾ" ಎಂದೆ. ಇಳಿಯಿತು! ದಾರ ಸುತ್ತಿದೆ, ಮಡಚಿದ ಕಾಲಿನ ಗೆರೆ ಹಿಡಿದು ಎಳೆದೆ. ಮತ್ತೆ ಅಚ್ಚಿನಲ್ಲಿ ಮಲಗಿಸಿ, ಹೂರಣ ತುಂಬಿ, ಮುಚ್ಚಿದೆ. ಕಿವಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಸಂಜೆ ನಮ್ಮ ಬೀಗತಿ, ಎಂದರೆ ಅಳಿಯನ ತಾಯಿ, ಕಮಲಾಪುರದಿಂದ ಬಾಳೆ ಎಲೆ ಹಿಡಿದುಕೊಂಡೇ ಬಸ್ಸು ಇಳಿದರು. ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು. ಒಂದೇ ಸಾಲಿನಲ್ಲಿ ಎಲೆ ಹಾಕಿದೆ. ಮನೆಯವರಿಗೆ, ಬೀಗತಿಗೆ, ಅಳಿಯನಿಗೆ, ಮಗಳಿಗೆ, ನನಗೆ. ಬಾಗಿಲ ಹತ್ತಿರ, ಹೊಸ್ತಿಲಿನ ಒಳಗೆ, ಇನ್ನೊಂದು. ಕರುವಿನ ಮೇಲಿನ ಅರ್ಧವನ್ನು ದೇವರ ಮುಂದಿಟ್ಟು, ಕೆಳಗಿನದನ್ನು ತುಂಡು ಮಾಡಿ, ನಡುವಿನ ತುಂಡನ್ನು, ಹೂರಣ ದಪ್ಪಗಿದ್ದದ್ದನ್ನು, ಆ ಎಲೆಗೆ ಬಡಿಸಿದೆ. ಬುಡದ ಚೂರು ನನ್ನ ಎಲೆಗೆ.

ಬೀಗತಿ ಕೇಳಿದರು. "ಆ ಎಲಿ ಯಾರಿಗ್ರಿ?"

"ಬೇಕ್ರಿ ಅಣ್ಣಗ್ರಿ. ತೀರಿಕೊಂಡಾರ. ಇವತ್ತು ಬರ್ತೀನಿ ಅಂದಿದ್ರು."

"ಯಾರ ಪೈಕಿ ಅವ್ರು?"

ಮನೆಯವರು ತಲೆ ಎತ್ತಿದರು. ಸುಮಾ ನನ್ನ ಮುಖ ನೋಡಿದಳು.

"ನಮ್ಮ ಪೈಕಿ ರೀ" ಎಂದೆ.

ಬೀಗತಿ "ಹೌದೇನ್ರಿ" ಎಂದು ಎದ್ದು ಹೋಗಿ, ಆ ಎಲೆಯ ತುದಿಗೆ ನಾನು ಮರೆತಿದ್ದ ಉಪ್ಪು ಬಡಿಸಿ ಬಂದರು.

ಅಷ್ಟರಲ್ಲಿ ಪುಟ್ಟಿ ಗೋಡೆ ಹಿಡಿದು ಎದ್ದಳು. ಗೋಡೆ ಬಿಟ್ಟಳು. ತೂರಾಡುತ್ತ, ಎಲ್ಲರ ಎಲೆಗಳನ್ನು ದಾಟಿ, ಬಾಗಿಲ ಹತ್ತಿರದ ಎಲೆಯ ಮುಂದೆ ಧೊಪ್ಪನೆ ಕೂತಳು. ಎರಡೂ ಕೈ ಹೂರಣದೊಳಗೆ. ಸುಮಾ ಎತ್ತಿಕೊಳ್ಳಲು ಹೋದಳು. ನಾನು ಅವಳ ಸೆರಗು ಹಿಡಿದೆ. ಪುಟ್ಟಿ ಕೆನ್ನೆ, ಮೂಗು, ಹುಬ್ಬಿಗೆ ಕೇಕಿನ ಪುಡಿ ಬಳಿದುಕೊಂಡು ನಮ್ಮನ್ನೆಲ್ಲ ನೋಡಿದಳು. ನಾವು ನಕ್ಕೆವು. ಅವಳು ನಗದೆ ನಮ್ಮ ನಗುವನ್ನೇ ನೋಡುತ್ತ ಕೂತಳು.

ಮನೆಯವರು ಮೊದಲ ತುತ್ತು ಕಲಸಿದರು.

"ಎಲ್ಲಾರೂ ಕುಂತಂಗಾತಲ್ಲ. ಇನ್ನ ಉಣ್ರಿ."